ನಾಯಿಗಳನ್ನು ಸಮುದ್ರಕ್ಕೆ ಕರೆದೊಯ್ದ ಬೇಸಿಗೆ

ಸವಣೂರಿನ ನಮ್ಮ ಮನೆಯಲ್ಲಿ ರಜೆ ಎಂದು ಯಾರೂ ಎಲ್ಲಿಗೂ ಹೋದವರಲ್ಲ. ಮದುವೆಗೆ ಹೋಗುತ್ತಿದ್ದೆವು, ಯಾರಾದರೂ ಸತ್ತರೆ ಮಣ್ಣಿಗೆ ಹೋಗುತ್ತಿದ್ದೆವು, ಹೋದ ದಿನವೇ ತಿರುಗಿ ಬರುತ್ತಿದ್ದೆವು. ಮರುದಿನ ಬೆಳಗಾದರೆ ಒಲೆ ಹೊತ್ತಿಸಬೇಕಲ್ಲ. ಖಾರ, ಅಂದರೆ ಕರಿದ ಖಾರಾಸೇವು, ಮಾಡುವುದು ನಮ್ಮ ಮನೆಯ ಕಸುಬು. ಹಿತ್ತಲಿಗೆ ಅಂಟಿದ ಉದ್ದನೆಯ ಕೋಣೆಯಲ್ಲಿ ಎರಡು ಒಲೆ, ಅವುಗಳ ಮೇಲೆ ನಾನು ಕುಳಿತು ಸ್ನಾನ ಮಾಡಬಹುದಾದಷ್ಟು ಅಗಲದ ಕಡಾಯಿಗಳು. ಅಪ್ಪ ಮತ್ತು ಅವನ ತಮ್ಮ ಕಾಕಾ ಕಡಲೆಹಿಟ್ಟು ಒತ್ತಿ ಕರಿಯುತ್ತಿದ್ದರು. ಅವ್ವ ಮತ್ತು ಕಾಕಿ ಬೆಳ್ಳುಳ್ಳಿ ಜಜ್ಜಿ, ಕರಿಬೇವು ಹುರಿದು, ಕೆಂಪು ಖಾರದ ಪುಡಿ ಉದುರಿಸಿ ಕಲಸುತ್ತಿದ್ದರು. ಆ ವಾಸನೆ ನಮ್ಮ ಹಾಸಿಗೆಗೆ, ದೇವರ ಕೋಣೆಗೆ, ನನ್ನ ಶಾಲೆಯ ಪುಸ್ತಕಗಳಿಗೆ ಎಲ್ಲಕ್ಕೂ ಹತ್ತಿಕೊಂಡಿತ್ತು. ನನ್ನ ನೋಟುಬುಕ್ಕು ತಿದ್ದಿದರೆ ಹಸಿವಾಗುತ್ತದೆ ಎಂದು ಕನ್ನಡದ ಅಕ್ಕೋರು ಒಮ್ಮೆ ತರಗತಿಯಲ್ಲೇ ಹೇಳಿದ್ದರು. ಊಟ ಮಾತ್ರ ಎಲ್ಲರಿಗೂ ಪಡಸಾಲೆಯಲ್ಲಿ, ಒಂದೇ ಸಾಲಿನಲ್ಲಿ. ಹಿರೇಕೆರೂರಿನಿಂದ ಬಂದ ಕಾಕಿ ರೊಟ್ಟಿಯನ್ನು ಹಾಳೆಯಂತೆ ತೆಳ್ಳಗೆ ಬಡಿಯುತ್ತಿದ್ದಳು, ಅವ್ವ ದಪ್ಪಗೆ. ಯಾರ ರೊಟ್ಟಿ ಮೊದಲು ಖಾಲಿಯಾಯಿತು ಎಂಬುದರ ಮೇಲೆ ಆ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಮಾತು ಇರುತ್ತಿತ್ತೋ ಇಲ್ಲವೋ ತೀರ್ಮಾನವಾಗುತ್ತಿತ್ತು. ಅದಕ್ಕಿಂತ ದೊಡ್ಡ ಜಗಳಗಳು ನಮ್ಮಲ್ಲಿ ಇರಲಿಲ್ಲ.

ನಾಯಿಗಳು ಬಂದದ್ದು ಹುಲಗೂರಿನಿಂದ. ಅಲ್ಲಿನ ಉರುಸಿಗೆ ಖಾರದ ಅಂಗಡಿ ಹಾಕಲು ಹೋಗಿದ್ದ ಅಪ್ಪ, ಬರುವಾಗ ಖಾಲಿ ಬುಟ್ಟಿಯಲ್ಲಿ ಎರಡು ಮರಿ ಇಟ್ಟುಕೊಂಡು ಬಂದ. ಕೆಂಚು ಬಣ್ಣದ ಹೆಣ್ಣು ಮರಿ ಕೆಂಪಿ ಆಯಿತು. ಬೂದು ಬಣ್ಣದ ಗಂಡು ಎರಡು ದಿನ ಹಾಲು ಮುಟ್ಟದೆ ಮೂರನೆಯ ದಿನ ಎದ್ದು ನಿಂತದ್ದಕ್ಕೆ ಅವ್ವ ಅದನ್ನು ಬಾಳ್ಯಾ ಎಂದು ಕರೆದಳು. ನಾಲ್ಕು ವರ್ಷಗಳಲ್ಲಿ ಅವೆರಡೂ ಒಂದನ್ನೊಂದು ಬಿಟ್ಟು ಮಲಗಿದ್ದನ್ನು ನಾನು ನೋಡಲಿಲ್ಲ. ಖಾರದ ಕೋಣೆಯ ಹೊಸ್ತಿಲನ್ನು ಅವು ದಾಟುವಂತಿರಲಿಲ್ಲ, ದಾಟುತ್ತಲೂ ಇರಲಿಲ್ಲ. ಶಾಲೆಯಿಂದ ಬಂದ ಮೇಲೆ ಅವುಗಳಿಗೆ ರೊಟ್ಟಿ ಹಾಕುವುದು ನನ್ನ ಕೆಲಸ. ಮನೆಯಲ್ಲಿ ನನಗೆಂದೇ ಇದ್ದ ಕೆಲಸ ಅದೊಂದೇ ಆದ್ದರಿಂದ ಅದರ ಬಗ್ಗೆ ನನಗೆ ಬಹಳ ಗರ್ವವಿತ್ತು.

ಗರ್ವ ಎಂದೆ. ನಾನೇ ಕಂಡುಹಿಡಿದ ಒಂದು ಆಟವಿತ್ತು. ಕೆಂಪಿ ರೊಟ್ಟಿ ಕಚ್ಚಿಕೊಂಡ ಕೂಡಲೇ ಅದರ ಬಾಯಿಗೆ ಕೈ ಹಾಕಿ ರೊಟ್ಟಿಯನ್ನು ಎಳೆದುಕೊಳ್ಳುವುದು, ಮತ್ತೆ ಕೊಡುವುದು, ಮತ್ತೆ ಎಳೆಯುವುದು. ಕೆಂಪಿ ಗುರುಗುಟ್ಟುತ್ತಿತ್ತು, ಆದರೆ ನನ್ನ ಕೈಗೆ ಹಲ್ಲು ತಾಗಿಸುತ್ತಿರಲಿಲ್ಲ. ನನಗೆ ಆಗ ಹನ್ನೊಂದು ವರ್ಷ, ಕಾಕಾನ ಮಗಳು ಸುಧಾಳಿಗೆ ನಾಲ್ಕು. ಪರೀಕ್ಷೆ ಮುಗಿದು ಸೂಟಿ ಬಿಟ್ಟ ಮೊದಲ ವಾರ, ದೊಡ್ಡವರೆಲ್ಲ ಖಾರದ ಕೋಣೆಯಲ್ಲಿದ್ದಾಗ, ಹಿತ್ತಲಲ್ಲಿ ಸುಧಾಳ ಮುಂದೆ ಈ ಆಟ ಆಡಿ ತೋರಿಸಿದೆ. ಅವಳು ಕಣ್ಣರಳಿಸಿ ನೋಡಿದಳು. ಅಷ್ಟಕ್ಕೇ ಬಿಡಬಹುದಿತ್ತು. ನಾನು ಅವಳ ಕೈ ಹಿಡಿದು, ನೀನೂ ತೆಗಿ, ಏನೂ ಮಾಡಂಗಿಲ್ಲ ಎಂದು ಕೆಂಪಿಯ ಬಾಯಿಯ ಹತ್ತಿರ ಒಯ್ದೆ. ಕೆಂಪಿ ಕಚ್ಚಿತು. ಮಣಿಕಟ್ಟಿನ ಮೇಲೆ ಎರಡು ಕಡೆ ಚರ್ಮ ಹರಿದು ರಕ್ತ ಬಂತು. ಕೂಗು ಕೇಳಿ ಎಲ್ಲರೂ ಎಣ್ಣೆಗೈಯಲ್ಲೇ ಓಡಿ ಬಂದರು. ಅಪ್ಪ ಕೇಳುವ ಮೊದಲೇ ನಾನು ಹೇಳಿಬಿಟ್ಟಿದ್ದೆ:

"ಸುಮ್ಮನ ಕುಂತಿತ್ತಪ್ಪಾ. ಒಮ್ಮಿಂದೊಮ್ಮೆಲೇ ಹಾರಿ ಬಂದು ಕಡೀತು."

ಆ ವಾಕ್ಯವನ್ನು ನಾನು ಯೋಚಿಸಿ ಹೇಳಲಿಲ್ಲ. ಅದು ಬಾಯಿಯಿಂದ ಹೊರಬಿದ್ದ ಮೇಲೆ ನನಗೇ ಆಶ್ಚರ್ಯವಾಯಿತು. ಆದರೆ ಹೇಳಿದ ಮೇಲೆ ಅದು ನಿಂತೇಬಿಟ್ಟಿತು. ದವಾಖಾನೆಯಲ್ಲಿ ಸುಧಾಳಿಗೆ ಹೊಕ್ಕಳ ಸುತ್ತ ಸೂಜಿ ಚುಚ್ಚುವುದು ಶುರುವಾಯಿತು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿ, ಅದಕ್ಕೆ ಏನೂ ಆಗದಿದ್ದರೆ ಹುಚ್ಚುನಾಯಿ ರೋಗದ ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಆ ಹತ್ತು ದಿನ ಅಪ್ಪ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ಕೆಂಪಿ ನೀರು ಕುಡಿಯಿತೇ ಎಂದು ನೋಡುತ್ತಿದ್ದ. ಕೆಂಪಿ ನೀರು ಕುಡಿಯುತ್ತಿತ್ತು. ಬಾಳ್ಯಾ ಕಟ್ಟಿಲ್ಲದಿದ್ದರೂ ಅದರ ಪಕ್ಕದಲ್ಲೇ ಮಲಗಿರುತ್ತಿತ್ತು. ಹನ್ನೊಂದನೆಯ ದಿನ ಊಟದ ಸಾಲಿನಲ್ಲಿ ಬಡಿಸುತ್ತಿದ್ದ ಕಾಕಿ, ಪಾತ್ರೆ ಕೆಳಗಿಟ್ಟು, ಅಪ್ಪನಿಗೆ ಕೇಳುವಂತೆ ಅವ್ವನಿಗೆ ಹೇಳಿದಳು:

"ಅಕ್ಕಾ, ನಾ ಯಾರ ಮ್ಯಾಲೂ ತಪ್ಪ ಹೊರಸಂಗಿಲ್ಲ. ಆದ್ರ ಆ ನಾಯಿ ಇರೂ ಮನ್ಯಾಗ ನನ್ನ ಕೂಸು ಇರೂದಿಲ್ಲ. ನಾಯಿ ಹೋಗಬೇಕು, ಇಲ್ಲಾ ನಾನು ಕೂಸು ಹಿರೇಕೆರೂರಿಗೆ ಹೋಗ್ತೇವಿ."

ಕಾಕಾ ತಟ್ಟೆಯಲ್ಲಿ ಕೈಯಾಡಿಸುತ್ತ ಕುಳಿತ. ಅಪ್ಪ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಇದಾಗಿ ಮೂರು ದಿನಕ್ಕೆ ಅಪ್ಪ ನನ್ನನ್ನು ಕರೆದು, ಸಮುದ್ರ ನೋಡಿಯೇನು ಎಂದು ಕೇಳಿದ. ಪುಸ್ತಕದಾಗ ನೋಡೇನಿ ಎಂದೆ.

"ಹಂಗಾದ್ರ ಹೋಗೂಣು. ನಾನು, ನಿಮ್ಮವ್ವ, ನೀನು. ಎರಡ ದಿನ ಅಲ್ಲೇ ದಂಡಿ ಮ್ಯಾಲ ಡೇರೆ ಹಾಕ್ಕೊಂಡು ಇರೂಣು. ನಾಯಿಗೋಳನ್ನೂ ಕರಕೊಂಡ ಹೋಗೂಣು."

ನನಗೆ ಹೇಗಾಯಿತು ಎಂದು ಈಗಲೂ ನೆನಪಿದೆ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದಂತಾಯಿತು. ಕೆಂಪಿಯನ್ನು ಕ್ಷಮಿಸಿದ್ದಾರೆ, ಆದ್ದರಿಂದ ನಾನು ಹೇಳಿದ ಸುಳ್ಳಿಗೂ ಇನ್ನು ಲೆಕ್ಕವಿಲ್ಲ ಎಂದುಕೊಂಡೆ. ಅಪ್ಪ ಖಾರ ಸಾಗಿಸುವ ಮೆಟಡೋರ್ ತೊಳೆದ. ಮಳೆಗಾಲದಲ್ಲಿ ಸೌದೆಗೆ ಹೊದಿಸುವ ತಾಡಪಾಲ, ನಾಲ್ಕು ಬಿದಿರು ಗಳ, ಒಂದು ಕೊಡ, ಬುತ್ತಿಗಂಟು ಹಿಂದೆ ಏರಿದವು. ಈಗ ಇದಕ್ಕೆ ಕ್ಯಾಂಪಿಂಗ್ ಎನ್ನುತ್ತಾರೆ. ಬಣ್ಣದ ಟೆಂಟಿನ ಮುಂದೆ ನಾಯಿಯನ್ನು ತಬ್ಬಿಕೊಂಡು ನಿಂತವರ ಫೋಟೋಗಳನ್ನು ಮಗಳು ನನಗೆ ಫೋನಿನಲ್ಲಿ ತೋರಿಸುತ್ತಾಳೆ. ನಮ್ಮ ಓಣಿಯಲ್ಲಿ ಆಗ ಅಂಥ ಮಾತು ಯಾರೂ ಕೇಳಿರಲಿಲ್ಲ. ನಾಯಿಗಳನ್ನು ಗಾಡಿ ಹತ್ತಿಸುವುದನ್ನು ನೋಡಲು ಎದುರುಮನೆಯವರು ಕಟ್ಟೆಗೆ ಬಂದು ನಿಂತರು. ಕಾಕಿ ಮಾತ್ರ ಹೊರಗೆ ಬರಲಿಲ್ಲ.

ಶಿಗ್ಗಾಂವಿಯಲ್ಲಿ ಗಾಡಿಗೆ ಎಣ್ಣೆ ಹಾಕಿಸಿದೆವು, ಹಾನಗಲ್ಲಿನಲ್ಲಿ ಚಹಾ ಕುಡಿದೆವು. ಶಿರಸಿ ದಾಟಿ ಘಟ್ಟ ಇಳಿಯುವಾಗ ಕೆಂಪಿ ಎರಡು ಸಲ ವಾಂತಿ ಮಾಡಿಕೊಂಡಿತು. ಎರಡೂ ಸಲ ಅವ್ವ ಬೈಯದೆ ಒರೆಸಿದಳು. ಕುಮಟೆಯಿಂದ ಸ್ವಲ್ಪ ದೂರ, ನದಿಯೊಂದು ಸಮುದ್ರ ಸೇರುವ ಅಳಿವೆಯ ಪಕ್ಕ, ಗಾಳಿಮರಗಳ ತೋಪಿನಲ್ಲಿ ಅಪ್ಪ ಗಾಡಿ ನಿಲ್ಲಿಸಿದ. ತಾಡಪಾಲ ಕಟ್ಟಲು ಗಂಟೆ ಹಿಡಿಯಿತು, ಗಾಳಿ ಅದನ್ನು ಮೂರು ಸಲ ಕಿತ್ತಿತು. ಮೂರು ಕಲ್ಲಿಟ್ಟು ಅವ್ವ ಕಡಲೆಹಿಟ್ಟಿನ ಜುಣಕ ಮಾಡಿದಳು. ರೊಟ್ಟಿಯಲ್ಲಿ ಮರಳು ಕರಕರ ಎನ್ನುತ್ತಿತ್ತು. ನಾಯಿಗಳಿಗೆ ಮಾತ್ರ ಹುಚ್ಚು ಹಿಡಿದಿತ್ತು. ತೆರೆ ಬಂದರೆ ಓಡಿಬರುವುದು, ತೆರೆ ಹೋದರೆ ಬೊಗಳುತ್ತ ಅಟ್ಟಿಸಿಕೊಂಡು ಹೋಗುವುದು. ಬಾಳ್ಯಾ ಏಡಿಯೊಂದನ್ನು ಮೂಸಲು ಹೋಗಿ ಮೂಗು ಹಿಡಿಸಿಕೊಂಡು ಗಿರಗಿರ ತಿರುಗಿದಾಗ ಅಪ್ಪ ನಕ್ಕ. ಒಲೆಯ ಮುಂದೆ ಬೆವರುವ ಅಪ್ಪನನ್ನು ಮಾತ್ರ ಕಂಡಿದ್ದ ನನಗೆ, ಪಂಚೆಯನ್ನು ಮೊಣಕಾಲಿಗೆ ಕಟ್ಟಿ ನೀರಂಚಿನಲ್ಲಿ ನಿಂತ ಈ ಮನುಷ್ಯ ಯಾರೋ ಬೇರೆಯವನಂತೆ ಕಂಡ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಹಿಂದೆ ಸರಿಯುತ್ತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ.

ಎರಡನೆಯ ದಿನ ಸಂಜೆ ಅವ್ವ ಮನೆಯಿಂದ ತಂದಿದ್ದ ಹೋಳಿಗೆಗೆ ತುಪ್ಪ ಸವರಿ ನಾಯಿಗಳಿಗೆ ತಿನ್ನಿಸಿದಳು. ನೆಲಕ್ಕೆ ಹಾಕಲಿಲ್ಲ, ಒಂದೊಂದೇ ತುತ್ತು ಮುರಿದು ಬಾಯಿಗಿಟ್ಟಳು. ನಾಯಿಗೆ ಹೋಳಿಗೆ ಯಾಕ ಎಂದು ಕೇಳಿದೆ. ತಿನ್ನಲಿ ಬಿಡು ಎಂದಳು, ನನ್ನ ಕಡೆ ನೋಡದೆ. ಹಾಗೆ ತಿನ್ನಿಸುವುದರ ಹಿಂದೆ ಏನೋ ಕಾರಣವಿದೆ ಎಂದು ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ತಾಡಪಾಲ ಬಿಚ್ಚಿ ಮಡಚುತ್ತಿದ್ದಳು. ಅಪ್ಪ ಕಾಣಲಿಲ್ಲ, ನಾಯಿಗಳೂ ಕಾಣಲಿಲ್ಲ. ಕೇಳಿದರೆ, ಗಾಡ್ಯಾಗ ಹೋಗಿ ಕುಂಡ್ರು ಎಂದಳು. ನಾನು ಕೇಳದೆ ಅಳಿವೆಯ ಕಡೆ ಓಡಿದೆ. ಆಚೆ ದಡಕ್ಕೆ ಜನರನ್ನು ದಾಟಿಸುವ ಒಂದು ದೋಣಿ ಅಲ್ಲಿ ಇರುತ್ತಿತ್ತು. ಅಪ್ಪ ನನ್ನನ್ನು ಬಿಟ್ಟು ನಾಯಿಗಳನ್ನು ಮಾತ್ರ ದೋಣಿ ಹತ್ತಿಸಿದ್ದಾನೆ ಎಂದು ನನಗೆ ಸಿಟ್ಟು ಬಂದಿತ್ತು. ದೋಣಿ ನಡುನೀರು ದಾಟಿ ಈಚೆಗೇ ಬರುತ್ತಿತ್ತು. ಅದರಲ್ಲಿ ದೋಣಿ ನಡೆಸುವ ಮುದುಕ ಮತ್ತು ಅಪ್ಪ, ಇಬ್ಬರೇ. ಅಪ್ಪ ಆಚೆ ದಡಕ್ಕೆ ಬೆನ್ನು ಮಾಡಿ ಕುಳಿತಿದ್ದ. ಅವನ ತೊಡೆಯ ಮೇಲೆ ಎರಡು ಸರಪಳಿಗಳಿದ್ದವು. ಆಚೆ ದಡದ ಮರಳಿನ ಮೇಲೆ ಕೆಂಪಿ ಮತ್ತು ಬಾಳ್ಯಾ ತಲೆ ತಗ್ಗಿಸಿ ಏನನ್ನೋ ತಿನ್ನುತ್ತಿದ್ದವು. ಹಿಂದೆಯೇ ಅವ್ವ ಬಂದು ನನ್ನ ಭುಜ ಹಿಡಿದಳು.

"ಅವನ್ನ ಅಲ್ಲೇ ಬಿಡಾಕತ್ತಾರ. ಅತ್ತ ಮೀನಾ ಒಣಗಸ್ತಾರಂತ, ಹೊಟ್ಟಿಗೆ ಸಿಗತೈತಿ. ಒಂದನ್ನ ಬಿಟ್ರ ಇನ್ನೊಂದು ಕೊರಗಿ ಸಾಯ್ತೈತಿ ಅಂತ ಜೋಡೀನ ಬಿಡೂಣು ಅಂದ್ರು. ಅಳಬ್ಯಾಡ ಶೈಲಾ. ಮನಿ ಒಡಿಯೂದಕಿಂತ ಇದ ಚಲೋ."

ನಾನು ಅಳಲಿಲ್ಲ. ಅವ್ವನ ಮಾತು ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಡೇರೆ, ಏಡಿ, ಹೋಳಿಗೆ, ಅಪ್ಪನ ನಗು ಎಲ್ಲ ಇದಕ್ಕಾಗಿಯೇ ಆಗಿತ್ತೇ? ಅಷ್ಟರಲ್ಲಿ ಬಾಳ್ಯಾ ತಲೆ ಎತ್ತಿತು. ದೋಣಿಯನ್ನು ನೋಡಿತು. ಒಂದು ಸಲವೂ ಬೊಗಳದೆ, ಕೆರೆಯ ನೀರಿಗೆ ಇಳಿಯುವಂತೆ ನೀರಿಗೆ ಇಳಿಯಿತು.

ಮೊದಲು ನೇರವಾಗಿ ನಮ್ಮ ಕಡೆಗೇ ಬರುತ್ತಿತ್ತು. ಬೂದು ತಲೆ, ಎರಡು ಕಿವಿ ಸ್ಪಷ್ಟವಾಗಿ ಕಾಣುತ್ತಿದ್ದವು. ನಡುವಿಗೆ ಬಂದಾಗ ತಲೆ ಓರೆಯಾಗಿ ಸರಿಯತೊಡಗಿತು. ದೋಣಿ ನಮ್ಮ ದಡ ಮುಟ್ಟುವುದರಲ್ಲಿತ್ತು. ಮುದುಕ ಹಿಂದೆ ತಿರುಗಿ ನೋಡಿ ಹುಟ್ಟು ನಿಲ್ಲಿಸಿದ.

"ಒಡ್ಯಾ, ನಾಯಿ ಬಂತು. ನೀರು ಇಳಿಯೂ ಹೊತ್ತು ಇದು, ಸಮುದ್ರಕ್ಕೇ ಎಳೀತದೆ."

ಅಪ್ಪ ತಿರುಗಿದ. ದೋಣಿಯಿಂದ ಹಾರಿ, ಸೊಂಟದ ನೀರಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಹೊಳ್ಳಿ ಹೋಗು, ಬಾಳ್ಯಾ ಹೊಳ್ಳಿ ಹೋಗು ಎಂದು ಕೂಗತೊಡಗಿದ. ಅಪ್ಪನ ದನಿ ಕೇಳಿದ ಬಾಳ್ಯಾ ಇನ್ನಷ್ಟು ಜೋರಾಗಿ ಕಾಲು ಬಡಿಯಿತು. ಅದಕ್ಕೆ ಗೊತ್ತಿದ್ದದ್ದು ಅಪ್ಪ ಕರೆದರೆ ಬರಬೇಕು ಎಂಬುದೊಂದೇ. ಅಪ್ಪ ಮುಂದೆ ಮುಂದೆ ಹೋದ. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು, ಒಂದು ಕ್ಷಣ ಅಪ್ಪನ ತಲೆಯೂ ಕಾಣಲಿಲ್ಲ. ಮುದುಕ ದೋಣಿ ಬಿಟ್ಟು ಧುಮುಕಿ ಅವನ ಅಂಗಿಯ ಕಾಲರು ಹಿಡಿದು ದಡಕ್ಕೆ ಎಳೆದು ತಂದ. ನನ್ನ ಭುಜದ ಮೇಲಿದ್ದ ಅವ್ವನ ಉಗುರುಗಳು ಒಳಗೆ ಇಳಿದಿದ್ದವು. ನಾವು ಅಪ್ಪನನ್ನು ಮಲಗಿಸಿ ಮತ್ತೆ ನೋಡುವಷ್ಟರಲ್ಲಿ ಬೂದು ತಲೆ ಅಳಿವೆಯ ಬಾಯಿಗೆ ಹೋಗಿತ್ತು. ಅಲ್ಲಿ ತೆರೆಗಳು ಬಿಳಿಯಾಗಿ ಒಡೆಯುತ್ತಿದ್ದವು. ಒಂದು ತೆರೆಯಾದ ಮೇಲೆ ಕಂಡಿತು. ಎರಡನೆಯದಾದ ಮೇಲೆ ಕಾಣಲಿಲ್ಲ.

ಮುದುಕ ನಮ್ಮನ್ನು ಕರೆದುಕೊಂಡು ಸಮುದ್ರದ ದಂಡೆಯುದ್ದಕ್ಕೂ ಬಹಳ ದೂರ ನಡೆದ. ಬಲೆ ಎಳೆಯುತ್ತಿದ್ದವರನ್ನು ಕೇಳಿದ. ಏನೂ ಸಿಗಲಿಲ್ಲ. ಬಿಸಿಲೇರಿದ ಮೇಲೆ ಅಳಿವೆಗೆ ತಿರುಗಿ ಬಂದೆವು. ಆಚೆ ದಡದಲ್ಲಿ ಕೆಂಪಿ ನೀರಂಚಿನಲ್ಲೇ ಕುಳಿತು ಊಳಿಡುತ್ತಿತ್ತು. ಅದು ನೀರಿಗೆ ಇಳಿದಿರಲಿಲ್ಲ. ಅಪ್ಪ ಒದ್ದೆ ಬಟ್ಟೆಯಲ್ಲೇ ಮರಳಿನ ಮೇಲೆ ಕುಳಿತಿದ್ದ. ಆ ನಾಯಿಯನ್ನಾದರೂ ತರಲೇ ಎಂದು ಮುದುಕ ಕೇಳಿದಾಗ ತಲೆ ಅಲ್ಲಾಡಿಸಿದ.

"ಬ್ಯಾಡ. ಅದು ಕಡಿಯೂ ನಾಯಿ. ಮನ್ಯಾಗ ಕೂಸೈತಿ, ತಮ್ಮನ ಹೆಂಡತಿಗೆ ಮಾತ ಕೊಟ್ಟೇನಿ."

ಆಗ ನಾನು ಹೇಳಿದೆ. ನಿಂತಲ್ಲೇ ನಿಂತು, ಅಪ್ಪನ ಮುಖ ನೋಡದೆ, ಅವನ ಪಾದಗಳಿಗೆ ಅಂಟಿದ್ದ ಮರಳನ್ನು ನೋಡುತ್ತ ಹೇಳಿದೆ.

"ಕೆಂಪಿ ತಾನಾಗಿ ಕಡಿಲಿಲ್ಲಪ್ಪಾ. ನಾನ ಸುಧಾನ ಕೈ ಹಿಡದು ಅದರ ಬಾಯಾಗ ಇಡಸಿದ್ದೆ. ಅದು ರೊಟ್ಟಿ ತಿನ್ನಾಕತ್ತಿತ್ತು."

ಅವ್ವ ನನ್ನ ಭುಜದ ಮೇಲಿನ ಕೈ ತೆಗೆದಳು. ಅಪ್ಪ ಎದ್ದು ಬಂದು ಬಡಿಯುತ್ತಾನೆ ಎಂದು ಹಲ್ಲು ಕಚ್ಚಿ ನಿಂತೆ. ಅವನು ಏಳಲಿಲ್ಲ. ಗುರುತಿಲ್ಲದ ಹುಡುಗಿಯೊಬ್ಬಳು ಎದುರಿಗೆ ಬಂದು ನಿಂತಂತೆ ನನ್ನನ್ನು ನೋಡಿದ.

"ಇಷ್ಟ ದಿನಾ ಯಾಕ ಹೇಳಲಿಲ್ಲ?"

ಅಪ್ಪ ಉತ್ತರಕ್ಕೆ ಕಾಯಲಿಲ್ಲ. ಎದ್ದು ಮುದುಕನ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಕೆಂಪಿಯನ್ನು ತಂದ. ಕೆಂಪಿ ದೋಣಿಯಿಂದ ಇಳಿಯಲು ಒಪ್ಪಲಿಲ್ಲ, ಅಪ್ಪ ಎತ್ತಿಕೊಂಡು ಇಳಿದ. ಘಟ್ಟ ಹತ್ತಿ ಹಾನಗಲ್ಲಿಗೆ ಬಂದೆವು. ಅಲ್ಲಿ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದ ಅಪ್ಪ, ಇಳಿಯದೆ, ಎದುರಿನ ಗಾಜು ನೋಡುತ್ತಲೇ ಹೇಳಿದ:

"ಮನಿಗೆ ಹೋಗಿ ನಿಮ್ಮ ಕಾಕಿ ಮುಂದ ನೀನ ಹೇಳಬೇಕು. ನಾ ಹೇಳೂದಿಲ್ಲ, ನಿಮ್ಮವ್ವಾನೂ ಹೇಳೂದಿಲ್ಲ."

ನಾವು ಮನೆ ಮುಟ್ಟಿದಾಗ ಕಾಕಿ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಸುಧಾ ಸಿಪ್ಪೆಗಳನ್ನು ಊದಿ ಹಾರಿಸುತ್ತಿದ್ದಳು. ಒಂದೇ ನಾಯಿ ಇಳಿದದ್ದನ್ನು, ಅದೂ ಕೆಂಪಿ ಇಳಿದದ್ದನ್ನು ಕಂಡು ಕಾಕಿ ಎದ್ದು ನಿಂತಳು. ಅಪ್ಪ, ಅವ್ವ ಬಾಗಿಲಲ್ಲೇ ನಿಂತರು. ಬಾಳ್ಯಾ ನೀರಿಗೆ ಹೋದದ್ದನ್ನು ಹೇಳಿದೆ. ಆಮೇಲೆ ಹಿತ್ತಲಿನ ಆಟ, ಸುಧಾಳ ಕೈ, ನನ್ನ ಸುಳ್ಳು, ಎಲ್ಲ ಹೇಳಿದೆ. ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಟ್ಟು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ.

"ನನಗ ಗೊತ್ತಿತ್ತು," ಎಂದಳು ಕಾಕಿ.

ಬಾಗಿಲಲ್ಲಿ ನಿಂತ ಅಪ್ಪ ಒಂದು ಹೆಜ್ಜೆ ಒಳಗೆ ಬಂದ. ಕಾಕಿ ಅವನ ಮುಂದೆ ಎಂದೂ ತಲೆಯೆತ್ತಿ ಮಾತಾಡಿದವಳಲ್ಲ. ಆ ದಿನ ಮಾತಾಡಿದಳು.

"ದವಾಖಾನ್ಯಾಗ ಸುಧಾ ಅವತ್ತ ನನಗ ಹೇಳಿದ್ಲು, ಶೈಲಕ್ಕ ಕೈ ಹಿಡಿದಿದ್ಲು ಅಂತ. ಹೇಳಿದ್ರ ನೀವು ಇಕೀನ ಬಡೀತಿದ್ರಿ ಭಾವಾರ. ಅಕ್ಕಾನೂ ನಾನೂ ಒಂದ ಒಲಿ ಮುಂದ ಹೆಂಗ ಕುಂಡ್ರೂದು? ಇಕೀ ಹೆಸರು ಬರೂದು ಬ್ಯಾಡ, ಕೂಸಿಗೆ ಕಡದ ನಾಯಿ ಹೋದ್ರ ಹೋಗಲಿ ಅಂದೆ. ನೀವು ಎಲ್ಲೆರ ತ್ವಾಟದಾಗ ಬಿಟ್ಟ ಬರ್ತೀರಿ ಅಂತ ತಿಳದಿದ್ನಿ."

ಬಾಳ್ಯಾ ಮುಳುಗಿದ್ದನ್ನು ಕಣ್ಣಾರೆ ನೋಡಿದಾಗಲೂ ನಾನು ನಿಂತೇ ಇದ್ದೆ. ಈಗ ಅಲ್ಲೇ ಬೆಳ್ಳುಳ್ಳಿಯ ಸಿಪ್ಪೆಯ ಮೇಲೆ ಕುಳಿತೆ. ಹದಿನೈದು ದಿನ ನನ್ನ ತಟ್ಟೆಗೆ ಬೆಣ್ಣೆ ಹಾಕಿ ತೆಳ್ಳನೆಯ ರೊಟ್ಟಿ ಬಡಿಸಿದವಳು ಎಲ್ಲ ಗೊತ್ತಿದ್ದೇ ಬಡಿಸಿದ್ದಳು. ಸುಳ್ಳು ನನ್ನೊಬ್ಬಳದೇ ಎಂದುಕೊಂಡಿದ್ದೆ. ನನ್ನ ಮೇಲಿನ ಮಮತೆಯಿಂದ ಅವಳು ಸುಮ್ಮನಿದ್ದಳು, ಮನೆ ಒಡೆಯಬಾರದೆಂದು ಅಪ್ಪ ಸುಮ್ಮನೆ ನಾಯಿಗಳನ್ನು ಗಾಡಿ ಹತ್ತಿಸಿದ್ದ, ನಾನು ಅತ್ತೇನೆಂದು ಅವ್ವ ಸುಮ್ಮನೆ ಹೋಳಿಗೆಗೆ ತುಪ್ಪ ಸವರಿದ್ದಳು. ನಮ್ಮಲ್ಲಿ ಯಾರೊಬ್ಬರು ಬಾಯಿ ಬಿಟ್ಟಿದ್ದರೂ ಬಾಳ್ಯಾ ಹಿತ್ತಲಲ್ಲಿ ಮಲಗಿರುತ್ತಿತ್ತು. ಹನ್ನೊಂದು ವರ್ಷದವಳಿಗೆ ಇದನ್ನು ಇಷ್ಟು ಬಿಡಿಸಿ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಆದರೆ ದೊಡ್ಡವರಿಗೆ ಎಲ್ಲ ತಿಳಿದಿರುತ್ತದೆ, ಅವರು ನೋಡಿಕೊಳ್ಳುತ್ತಾರೆ ಎಂಬ ನೆಮ್ಮದಿ ಆ ಪಡಸಾಲೆಯಲ್ಲೇ ನನ್ನಿಂದ ಹೋಯಿತು. ಮುಂದೆ ನಾನು ಮಾತಿನಲ್ಲಿ ಒರಟಿ ಎಂದು ಹೆಸರು ಪಡೆದೆ. ಮದುವೆಯ ಮನೆಯಲ್ಲಿ, ಕೆಲಸದ ಜಾಗದಲ್ಲಿ, ಹೇಳಬಾರದ ಹೊತ್ತಿಗೆ ನಿಜ ಹೇಳಿ ಎಷ್ಟೋ ಜನರನ್ನು ಕಳೆದುಕೊಂಡೆ. ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಅಪ್ಪ ಆ ದಿನ ನನ್ನನ್ನು ಬಡಿಯಲಿಲ್ಲ, ಮುಂದೆಯೂ ಬಡಿಯಲಿಲ್ಲ. ಬಡಿದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಕೆಂಪಿ ಮನೆಯಲ್ಲೇ ಉಳಿಯಿತು. ಹಿತ್ತಲಿಗೂ ಪಡಸಾಲೆಗೂ ನಡುವೆ ಅಪ್ಪ ಒಂದು ಬಿದಿರಿನ ಅಡ್ಡಗೇಟು ಮಾಡಿಸಿದ. ಕಾಕಿ ಅದಕ್ಕೆ ಒಪ್ಪಿದಳು. ನಾಲ್ಕು ದಿನ ಕೆಂಪಿ ನನ್ನ ಕೈಯಿಂದ ಏನೂ ಮುಟ್ಟಲಿಲ್ಲ, ಐದನೆಯ ದಿನ ತಿಂದಿತು. ನಾನು ತಟ್ಟೆ ಇಟ್ಟು ದೂರ ಹೋಗಿ ನಿಲ್ಲುತ್ತಿದ್ದೆ. ಬಾಳ್ಯಾನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪನೂ ನಾನೂ ಬೇಕಾದಷ್ಟೇ ಮಾತಾಡುತ್ತಿದ್ದೆವು. ಪುಸ್ತಕ ಬೇಕೇನು, ಬೇಕು. ಉಂಡಿಯೇನು, ಉಂಡೆ.

ಮಳೆ ಹಿಡಿದು, ಬಾವಿಗಳು ತುಂಬಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಪ್ಪ ನನ್ನನ್ನು ಕರೆದ. ಕೈಯಲ್ಲಿ ಬಾಯಿಗೆ ಬೆಸುಗೆ ಹಾಕಿಸಿದ ಒಂದು ಖಾಲಿ ಎಣ್ಣೆ ಡಬ್ಬಿಯೂ ಉದ್ದನೆಯ ಹಗ್ಗವೂ ಇದ್ದವು. ಊರ ಹೊರಗೆ ಪರಿಚಯದವರ ವೀಳ್ಯದೆಲೆ ತೋಟದ ಬಾವಿಗೆ ಇಬ್ಬರೂ ನಡೆದು ಹೋದೆವು. ಅಲ್ಲಿ ಎಂಟು ಹತ್ತು ವರ್ಷದ ಹುಡುಗರು ಮೇಲಿನಿಂದ ಧುಮುಕುತ್ತಿದ್ದರು. ಹೊಟ್ಟೆ ಬಂದ, ಮೀಸೆ ನರೆಯತೊಡಗಿದ್ದ ನನ್ನ ಅಪ್ಪ ಅವರೆಲ್ಲರ ಮುಂದೆ ಅಂಗಿ ಬಿಚ್ಚಿ, ಈಜು ಕಲಿಯುವ ಹುಡುಗರಂತೆ ಆ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡ. ಹುಡುಗರು ನಕ್ಕರು. ಅವನು ಅತ್ತ ನೋಡಲಿಲ್ಲ. ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು, ದಂಡೆಯ ಕಲ್ಲುಕಂಬಕ್ಕೆ ಎರಡು ಸುತ್ತು ಹಾಕಿ, ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲು ಹಿಂದೆ ಮುಂದೆ ನೋಡಿದೆ. ಕಂಬದ ಹತ್ತಿರ ತೋಟದ ಯಜಮಾನ ಇದ್ದ, ಗಟ್ಟಿಮುಟ್ಟಾದ ಆಳುಗಳಿದ್ದರು.

"ಅವರ ಕಡೆ ಕೊಡಪ್ಪಾ," ಎಂದೆ.

"ನೀನ ಹಿಡಿ," ಎಂದ ಅಪ್ಪ. "ನಾ ಒದರಿದ್ರೂ ಬಿಡಬ್ಯಾಡ."

ಅವನು ಮೆಟ್ಟಿಲಿಳಿದು, ಕಣ್ಣು ಮುಚ್ಚಿ, ನೀರಿಗೆ ಬಿದ್ದ. ಹಗ್ಗ ಒಮ್ಮೆ ಜಗ್ಗಿತು. ನಾನು ಎರಡೂ ಕೈಯಿಂದ ಹಿಡಿದು, ಕಂಬಕ್ಕೆ ಕಾಲು ಕೊಟ್ಟು ನಿಂತೆ.